ದಡಕ್ಕೆಳೆಯಲಾಗದ ದೋಣಿ

ಕೇಳುಗರಿಗೆ ನಮಸ್ಕಾರ.

ಜೂನ್ 1 ಬಂತೆಂದರೆ ಬೈತಖೋಲ, ಮುದಗಾ, ತದಡಿ ಬಂದರುಗಳಲ್ಲಿ ಯಾಂತ್ರಿಕ ದೋಣಿಗಳು ಲಂಗರು ಹಾಕಿಬಿಡುತ್ತವೆ. 61 ದಿನ ಮೀನುಗಾರಿಕೆ ನಿಷೇಧ. ಆ ಬಿಡುವಿನಲ್ಲಿ ದೋಣಿಯನ್ನು ದಡಕ್ಕೆಳೆದು, ತಳಕ್ಕೆ ಅಂಟಿದ ಚಿಪ್ಪು ಕೆರೆದು, ಸೀಳಿದ ಹಲಗೆ ಬದಲಿಸಿ, ಬಣ್ಣ ಬಳಿದು, ಇಂಜಿನ್ ಬಿಚ್ಚಿ ನೋಡುತ್ತಾರೆ. ಘಟ್ಟದ ಮೇಲೆ ಶಿರಸಿ ಸೀಮೆಯಲ್ಲಿ ಅಷ್ಟರೊಳಗೆ ಮನೆಯ ಹಂಚು ಕೈಯಾಡಿಸಿ ಮುಗಿದಿರುತ್ತದೆ. 1998ರಲ್ಲಿ ತೇಲಿಬಿಟ್ಟ ಒಂದು ದೋಣಿ ಮಾತ್ರ ಇಂದಿಗೂ ದಡ ಕಂಡಿಲ್ಲ. 2000ದ ನವೆಂಬರ್ 2ರಿಂದ ಅದರೊಳಗೆ ಜನ ಇಲ್ಲದ ದಿನವೇ ಇಲ್ಲ. ಅದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ.

ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ, 420 ಟನ್ ತೂಕದ ಈ ನಿಲ್ದಾಣ ಒಂದೂವರೆ ಗಂಟೆಗೊಮ್ಮೆ ಭೂಮಿಯನ್ನು ಸುತ್ತುತ್ತದೆ. ಬಿಸಿಲಿಗೆ ಬಂದಾಗ ಅದರ ಹೊರಮೈ 120 ಡಿಗ್ರಿಯವರೆಗೆ ಕಾಯುತ್ತದೆ, ನೆರಳಿಗೆ ಹೋದಾಗ ಸೊನ್ನೆಗಿಂತ 150 ಡಿಗ್ರಿ ಕೆಳಗಿಳಿಯುತ್ತದೆ. ದಿನಕ್ಕೆ 15-16 ಸಲ ಲೋಹ ಹಿಗ್ಗಿ ಕುಗ್ಗಬೇಕು. ರಷ್ಯದ ಜ್ವೆಜ್ದಾ ಘಟಕದ ಹಿಂಬದಿಯ ಸಣ್ಣ ಓಣಿಯಲ್ಲಿ ಗಾಳಿ ಸೋರುವುದು 2019ರಲ್ಲಿ ಗೊತ್ತಾಯಿತು. ಮರುವರ್ಷ ಒಂದು ಬಿರುಕನ್ನು ಪತ್ತೆ ಮಾಡಿದ್ದು ಚಹಾ ಎಲೆಗಳ ನೆರವಿನಿಂದ: ಗಾಳಿಯಲ್ಲಿ ಬಿಟ್ಟ ಎಲೆಗಳು ಮೆಲ್ಲಗೆ ತೇಲುತ್ತ ಬಿರುಕಿನತ್ತ ಹೋದವು. ಆದರೂ 2024ರ ಏಪ್ರಿಲ್‌ನಲ್ಲಿ ಸೋರಿಕೆ ದಿನಕ್ಕೆ 1.7 ಕಿಲೋ ಮುಟ್ಟಿತ್ತು. ಲೇಪ ಹಚ್ಚುವುದು, ಕೆಲಸವಿಲ್ಲದಾಗ ಓಣಿಯ ಬಾಗಿಲು ಮುಚ್ಚಿಡುವುದು, ಅಲ್ಲಿದ್ದವರ ಕೈಯಲ್ಲಿದ್ದದ್ದು ಇಷ್ಟೇ.

ಒಳಗಿನ ಸಂಸಾರ ಇನ್ನೂ ಸೂಕ್ಷ್ಮ. ನಮ್ಮ ಅಡುಗೆಮನೆಯ ಬಿಸಿಗಾಳಿ ತಾನಾಗಿ ಮಾಡಿಗೇರುತ್ತದೆ. ಅಲ್ಲಿ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಫ್ಯಾನ್ ನಿಂತರೆ ಮಲಗಿದವರು ಬಿಟ್ಟ ಉಸಿರು ಅವರ ಮುಖದ ಸುತ್ತಲೇ ಕಟ್ಟಿಕೊಳ್ಳುತ್ತದೆ. ಒಬ್ಬರಿಗೆ ದಿನಕ್ಕೆ ಸುಮಾರು 840 ಗ್ರಾಂ ಆಮ್ಲಜನಕ ಬೇಕು. ಅದನ್ನು ವಿದ್ಯುತ್ತಿನಿಂದ ನೀರನ್ನು ಒಡೆದು ಪಡೆಯುತ್ತಾರೆ. ಆ ನೀರಾದರೂ ಎಲ್ಲಿಂದ? ಬೆವರು, ಉಸಿರಿನ ತೇವ, ಮೂತ್ರ ಎಲ್ಲವನ್ನೂ ಶುದ್ಧಿ ಮಾಡಿ. ಮೂತ್ರ ಬಟ್ಟಿ ಇಳಿಸುವ ಯಂತ್ರ ಮೊದಮೊದಲು ಕಟ್ಟಿಕೊಂಡಿತು. ತೂಕವಿಲ್ಲದ ಸ್ಥಿತಿಯಲ್ಲಿ ಮೂಳೆ ಸವೆದು ಮೂತ್ರದಲ್ಲಿ ಸುಣ್ಣದಂಶ ಹೆಚ್ಚುತ್ತದೆ. ಮೂತ್ರ ಕೆಡದಂತೆ ಬೆರೆಸುತ್ತಿದ್ದ ಗಂಧಕಾಮ್ಲದ ಜೊತೆ ಸೇರಿ ಅದು ಜಿಪ್ಸಮ್ ಆಗಿ ಗಟ್ಟಿಯಾಗುತ್ತಿತ್ತು. ಭೂಮಿಯ ಮೇಲಿನ ಪರೀಕ್ಷೆಯಲ್ಲಿ ಇದು ಕಂಡಿರಲಿಲ್ಲ, ಪರೀಕ್ಷೆಗೆ ಮೂತ್ರ ಕೊಟ್ಟವರ ಮೂಳೆ ಗಟ್ಟಿಯಿತ್ತಲ್ಲ! ಆಮೇಲೆ ಫಾಸ್ಫರಿಕ್ ಆಮ್ಲಕ್ಕೆ ಬದಲಾದರು. 2023ರ ಹೊತ್ತಿಗೆ ನೀರಿನ 98 ಪ್ರತಿಶತ ಮರಳಿ ಸಿಗತೊಡಗಿತು. ಇಂಥ ಪಾಠವನ್ನು ವರ್ಷಗಟ್ಟಲೆ ಅಲ್ಲೇ ಇದ್ದು ಕಲಿಯಬೇಕು, ಬೇರೆ ದಾರಿ ಇಲ್ಲ.

ಈಗಿನ ಯೋಜನೆಯಂತೆ 2030ರ ಸುಮಾರಿಗೆ ಈ ನಿಲ್ದಾಣದ ಆಯುಷ್ಯ ಮುಗಿಯುತ್ತದೆ. ಬಿಚ್ಚಿ ತರೋಣವೆಂದರೆ, ದೊಡ್ಡ ಭಾಗಗಳನ್ನು ಹೊಟ್ಟೆಯೊಳಗಿಟ್ಟು ಒಯ್ದ ಸ್ಪೇಸ್ ಶಟಲ್ 2011ರಲ್ಲೇ ನಿವೃತ್ತಿಯಾಯಿತು. ಇನ್ನೂ ಎತ್ತರಕ್ಕೆ ತಳ್ಳಲು ಅಪಾರ ಇಂಧನ ಬೇಕು, ಅಲ್ಲಿ ಕಸದ ಚೂರುಗಳ ಕಾಟವೂ ಹೆಚ್ಚು. ಹಾಗೇ ಬಿಟ್ಟರೆ ಎಲ್ಲಿ ಬೀಳುವುದೋ ಹೇಳಲಾಗದು. 1979ರಲ್ಲಿ ಅಮೆರಿಕದ ಹಳೆಯ ನಿಲ್ದಾಣ ಸ್ಕೈಲ್ಯಾಬ್‌ನ ಚೂರುಗಳು ಪಶ್ಚಿಮ ಆಸ್ಟ್ರೇಲಿಯದ ನೆಲಕ್ಕೇ ಬಿದ್ದವು. ಆದ್ದರಿಂದ ನಿಲ್ದಾಣವನ್ನು ದಕ್ಷಿಣ ಪೆಸಿಫಿಕ್‌ನ ನಿರ್ಜನ ಕಡಲಿಗೆ ಇಳಿಸಲೆಂದೇ ಒಂದು ನೌಕೆ ಕಟ್ಟುವ ಗುತ್ತಿಗೆಯನ್ನು 2024ರ ಜೂನ್‌ನಲ್ಲಿ ನಾಸಾ, ಸ್ಪೇಸ್‌ಎಕ್ಸ್‌ಗೆ ಕೊಟ್ಟಿದೆ.

ಮುಂದೇನು? ಚೀನಾದ ನಿಲ್ದಾಣ ತಿಯಾನ್‌ಗಾಂಗ್ ಇದೆ. ಅಮೆರಿಕದ ಖಾಸಗಿ ಕಂಪನಿಗಳ ಯೋಜನೆಗಳೂ ಇವೆ. ನನ್ನ ಭಯ ನಡುವೆ ಬೀಳುವ ತೆರಪಿನದು. ಶಟಲ್ ನಿಂತ ಮೇಲೆ, 2020ರ ಮೇ ತಿಂಗಳವರೆಗೆ, ಅಮೆರಿಕದ ಗಗನಯಾತ್ರಿಗಳು ರಷ್ಯದ ಸೊಯುಜ್ ಹತ್ತಿಯೇ ಹೋಗಬೇಕಾಯಿತು. ಅಡಿಕೆ ಕೊನೆ ಇಳಿಸುವ ಕೊನೆಗೌಡ ಎರಡು ವರ್ಷ ಮರ ಹತ್ತದಿದ್ದರೆ ಕೈಕಾಲಿನ ಅಂದಾಜು ತಪ್ಪುತ್ತದೆ. ನಿಲ್ದಾಣ ನಡೆಸುವ ವಿದ್ಯೆಯೂ ಹಾಗೆಯೇ.

ನಮ್ಮ ಭಾರತೀಯ ಅಂತರಿಕ್ಷ ನಿಲ್ದಾಣದ ಮೊದಲ ಘಟಕ 2028ಕ್ಕೆ, ಐದೂ ಘಟಕಗಳು 2035ಕ್ಕೆ ಎಂಬ ಗುರಿ ಇದೆ. ಜೋಡಣೆಯ ವಿದ್ಯೆಯ ಮೊದಲ ಮೆಟ್ಟಿಲನ್ನು 2025ರ ಜನವರಿ 16ರಂದು ಸ್ಪೇಡೆಕ್ಸ್‌ನಲ್ಲಿ ಹತ್ತಿಯಾಗಿದೆ: ತಲಾ 220 ಕಿಲೋ ತೂಗುವ ಎರಡು ಉಪಗ್ರಹಗಳು ಕಕ್ಷೆಯಲ್ಲಿ ಒಂದಾದವು. ಅದೇ ವರ್ಷ ನಮ್ಮ ಗಗನಯಾತ್ರಿ ಶುಭಾಂಶು ಶುಕ್ಲಾ ಅಂತರರಾಷ್ಟ್ರೀಯ ನಿಲ್ದಾಣದಲ್ಲಿ ಮೊಳಕೆ ಬರಿಸಿದ ಹೆಸರುಕಾಳು, ಮೆಂತೆಯ ಪ್ರಯೋಗ ನಮ್ಮ ನೆರೆಯ ಧಾರವಾಡದ ಕೃಷಿ ವಿಶ್ವವಿದ್ಯಾಲಯ ಮತ್ತು ಐಐಟಿಗಳದು. ಉಳಿದಿರುವುದು ಗಾಳಿ, ನೀರಿನ ಸಂಸಾರ. ನಮ್ಮವರನ್ನು ಬಾಹ್ಯಾಕಾಶಕ್ಕೆ ಒಯ್ಯುವ ಇಸ್ರೋ ಯೋಜನೆ ‘ಗಗನಯಾನ’ ಮೂರೇ ದಿನದ್ದು, ಅದಕ್ಕೆ ಬೇಕಾದಷ್ಟನ್ನು ಹೊತ್ತೊಯ್ಯಬಹುದು. ನಿಲ್ದಾಣಕ್ಕೆ ಅದು ಸಾಲದು. ಈ ತಂತ್ರಜ್ಞಾನವನ್ನು ಹೊರದೇಶದವರು ಕೊಡಲು ಒಪ್ಪದ್ದರಿಂದ ಇಸ್ರೋ ತಾನೇ ಕಟ್ಟುತ್ತಿದೆ. ರಾಕೆಟ್ ಏರುವ ಹತ್ತು ನಿಮಿಷಕ್ಕಿಂತ ಈ ಕೆಲಸದ ಮೇಲೆ ನಮ್ಮ ಕಣ್ಣಿರಲಿ.

ಇಳಿಯುವುದು ಹೇಗೂ ಕಡಲಿಗೆ. ಗಗನಯಾನದ ಕೋಶಕ್ಕೆ ಹತ್ತು ಪ್ಯಾರಾಚೂಟುಗಳು: ಮೇಲ್ಮುಚ್ಚಳ ಕಳಚಲು ಎರಡು, ವೇಗ ತಗ್ಗಿಸಿ ಓಲಾಟ ನಿಲ್ಲಿಸಲು ಎರಡು, ಮುಖ್ಯ ಪ್ಯಾರಾಚೂಟುಗಳನ್ನು ಹೊರಗೆಳೆಯಲು ಮೂರು, ಮುಖ್ಯವಾದವು ಮೂರು. 2023ರ ಅಕ್ಟೋಬರ್ 21ರ ಪರೀಕ್ಷಾ ಹಾರಾಟದಲ್ಲಿ ಇಳಿತ ಸರಿಯಾಯಿತು, ಆದರೆ ಬಂಗಾಳ ಕೊಲ್ಲಿಯಲ್ಲಿ ನೌಕಾಪಡೆಯವರು ತಲುಪಿದಾಗ ಖಾಲಿ ಕೋಶ ತಲೆಕೆಳಗಾಗಿ ತೇಲುತ್ತಿತ್ತು. ಮಗುಚಿದ ದೋಣಿಯನ್ನು ನೆಟ್ಟಗೆ ಮಾಡುವ ಕಷ್ಟ ಕಾರವಾರದವರಿಗೆ ಹೇಳಿಕೊಡಬೇಕಾಗಿಲ್ಲ. ಒಳಗೆ ಮೂವರು ಬೆಲ್ಟು ಬಿಗಿದುಕೊಂಡು ಕೂತಿರುವ ದಿನ, ನೀರಿಗೆ ಬಿದ್ದೊಡನೆ ಗಾಳಿಚೀಲಗಳು ತಾವಾಗಿ ಉಬ್ಬಿ ಕೋಶವನ್ನು ನೆಟ್ಟಗೆ ನಿಲ್ಲಿಸಬೇಕು, ಮುಳುಗುಗಾರರು ಬಂದು ಮುಟ್ಟುವ ಮೊದಲೇ.

ನಮಸ್ಕಾರ.