ಮನೆಯ ಗಾಳಿಯಂತ್ರ: ಮೊದಲು ಗಾಳಿಯನ್ನು ಅಳೆಯಿರಿ

ವೇದಿಕೆಯ ಮೇಲಿರುವ ಹಿರಿಯರೇ, ಗೌರಿಬಿದನೂರಿನ ಗೆಳೆಯರೇ,

ನಾನು ಸಭಾಂಗಣದ ಮೆಟ್ಟಿಲು ಹತ್ತುವ ಮೊದಲೇ ಇಬ್ಬರು ಮೊಬೈಲ್ ಹಿಡಿದು ಒಂದೇ ವಿಡಿಯೊ ತೋರಿಸಿದರು. ತಾರಸಿಯ ಮೇಲೊಂದು ಪುಟ್ಟ ಯಂತ್ರ ಗಿರಗಿರನೆ ತಿರುಗುತ್ತದೆ, ಮನೆಯ ದೀಪಗಳೆಲ್ಲ ಬೆಳಗುತ್ತವೆ, ಕರೆಂಟ್ ಬಿಲ್ ಸೊನ್ನೆ. ತಂತಿ ಎಲ್ಲಿಂದ ಹೊರಟು ಎಲ್ಲಿಗೆ ಸೇರಿದೆ ಎಂಬುದೊಂದನ್ನು ಮಾತ್ರ ಕ್ಯಾಮೆರಾ ತೋರಿಸುವುದಿಲ್ಲ. ಪ್ರಶ್ನಿಸದೆ ಏನನ್ನೂ ಒಪ್ಪಬೇಡಿ ಎಂದ ವಿಚಾರವಾದಿ ಎಚ್. ನರಸಿಂಹಯ್ಯನವರು ಹುಟ್ಟಿದ ತಾಲ್ಲೂಕಿನಲ್ಲಿ ನಿಂತು ನಂಬಿ ಎಂದು ನಾನು ಹೇಳಲಾರೆ. ಅಳೆದು ನೋಡಿ ಎನ್ನುತ್ತೇನೆ.

ಹಾಗೆಂದು ಗಾಳಿಯಿಂದ ಮನೆಗೆ ಬೆಳಕು ಬರುವುದೇ ಸುಳ್ಳಲ್ಲ. 1887ರಲ್ಲಿ ಸ್ಕಾಟ್ಲೆಂಡಿನ ಪ್ರಾಧ್ಯಾಪಕ ಜೇಮ್ಸ್ ಬ್ಲೈಥ್ ಅವರು ಮೇರಿಕರ್ಕ್ ಎಂಬ ಹಳ್ಳಿಯ ತಮ್ಮ ರಜಾಮನೆಯ ತೋಟದಲ್ಲಿ, ಬಟ್ಟೆಯ ಹಾಯಿ ಕಟ್ಟಿದ ಗಾಳಿಯಂತ್ರವನ್ನು ನಿಲ್ಲಿಸಿದರು. ಅದರಿಂದ ಬ್ಯಾಟರಿ ತುಂಬಿಸಿ ಮನೆಗೆ ದೀಪ ಹಾಕಿಕೊಂಡರು. ಗಾಳಿಯ ಕರೆಂಟಿನಿಂದ ಬೆಳಗಿದ ಮೊದಲ ಮನೆ ಅದೇ ಎನ್ನುತ್ತಾರೆ. ಕರೆಂಟ್ ಮಿಕ್ಕಿತು. ಊರ ಮುಖ್ಯ ಬೀದಿಗೆ ದೀಪ ಹಾಕಲು ಕೊಡುತ್ತೇನೆ ಎಂದರು. ಊರಿನವರು ಬೇಡವೆಂದರು, ಅದು ಸೈತಾನನ ಕೆಲಸವಂತೆ! ನಮ್ಮ ಕಡೆಯಾಗಿದ್ದರೆ ಮೊದಲ ಕಂಬ ಯಾರ ಮನೆಯ ಮುಂದೆ ಎಂಬ ಜಗಳಕ್ಕೆ ಪಂಚಾಯಿತಿ ಸೇರುತ್ತಿತ್ತು, ದೀಪದ ಮಾತು ಆಮೇಲೆ. ಇರಲಿ. ಮುಂದೆ ಬ್ಲೈಥ್ ಅವರು ಇನ್ನೊಂದು ಯಂತ್ರವನ್ನು ಮಾಂಟ್ರೋಸ್ ಊರಿನ ಮಾನಸಿಕ ಆಸ್ಪತ್ರೆಗೆ ಕಟ್ಟಿಕೊಟ್ಟರು. ಊರಿನ ಬುದ್ಧಿವಂತರು ಒಲ್ಲೆನೆಂದದ್ದಕ್ಕೆ ಅಲ್ಲಿ ಜಾಗ ಸಿಕ್ಕಿತು. ಮೇರಿಕರ್ಕಿನವರು ಅಳೆಯದೆ ಬೇಡವೆಂದರು, ನಾವು ಅಳೆಯದೆ ಆರ್ಡರ್ ಮಾಡುತ್ತಿದ್ದೇವೆ.

ಈಗ ಲೆಕ್ಕಕ್ಕೆ ಬರೋಣ. ಹಿಂದಿನ ಸಾಲಿನ ವಿದ್ಯಾರ್ಥಿಗಳು ಪೆನ್ನು ತೆಗೆಯಲಿ. ಗಾಳಿಯ ಶಕ್ತಿ ಅದರ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ಎಂಟರಷ್ಟು. ಅದರಲ್ಲಿ ಶೇ 59.3ಕ್ಕಿಂತ ಹೆಚ್ಚು ಯಾವ ಯಂತ್ರಕ್ಕೂ ದಕ್ಕುವುದಿಲ್ಲ. ಇದು ಜರ್ಮನಿಯ ಆಲ್ಬರ್ಟ್ ಬೆಟ್ಜ್ ಹೆಸರಿನಲ್ಲಿರುವ ಮಿತಿ. ಮನೆಯಲ್ಲಿ ಕಟ್ಟಿದ್ದಕ್ಕೆ ಶೇ 25 ಸಿಕ್ಕರೆ ಚೆನ್ನ. ರೆಕ್ಕೆಗಳು ಸುತ್ತುವ ವೃತ್ತದ ವ್ಯಾಸ 2 ಮೀಟರ್ ಎನ್ನಿ. ಸೆಕೆಂಡಿಗೆ 3 ಮೀಟರ್ ಗಾಳಿಯಲ್ಲಿ ಬರುವುದು ಸುಮಾರು 12 ವಾಟ್, ಒಂದು ಎಲ್ಇಡಿ ಬಲ್ಬ್. 6 ಮೀಟರ್ ಗಾಳಿಗೆ 90 ವಾಟ್ ದಾಟುತ್ತದೆ. ಅಂಗಡಿಯ ಯಂತ್ರದ ಡಬ್ಬದ ಮೇಲೆ ಅಚ್ಚು ಹಾಕಿದ ದೊಡ್ಡ ವಾಟ್ ಸಂಖ್ಯೆ ಸಾಮಾನ್ಯವಾಗಿ 11-12 ಮೀಟರ್ ಗಾಳಿಯದು, ಅಂದರೆ ಗಂಟೆಗೆ 40 ಕಿಲೋಮೀಟರಿನ ಆಸುಪಾಸಿನದು. ಅಂಥ ಗಾಳಿ ನಿಮ್ಮ ತಾರಸಿಯ ಮೇಲೆ ದಿನವಿಡೀ ಬೀಸುತ್ತಿದ್ದರೆ ಒಣಹಾಕಿದ ಬಟ್ಟೆಯನ್ನು ಪಕ್ಕದ ಊರಿನಲ್ಲಿ ಹುಡುಕಬೇಕಾಗುತ್ತದೆ.

ಆದ್ದರಿಂದ ಮೊದಲು ಅಳೆಯಿರಿ. ಗಾಳಿಯ ವೇಗ ಅಳೆಯುವ ಬಟ್ಟಲುಚಕ್ರವನ್ನು, ಯಂತ್ರ ಎಲ್ಲಿ ನಿಲ್ಲುತ್ತದೋ ಅಷ್ಟೇ ಎತ್ತರದಲ್ಲಿ ಕಟ್ಟಿ. ಆಷಾಢದಲ್ಲಿ ಮಾತ್ರ ಅಳೆದರೆ ಸಂತೋಷವಾಗುತ್ತದೆ, ವರ್ಷವಿಡೀ ಅಳೆದರೆ ಸತ್ಯ ತಿಳಿಯುತ್ತದೆ. ಎತ್ತರ ಎಷ್ಟಿರಬೇಕು? ಸುತ್ತ 150 ಮೀಟರಿನೊಳಗೆ ಇರುವ ಮನೆ, ಮರ ಎಲ್ಲಕ್ಕಿಂತ ರೆಕ್ಕೆಯ ಕೆಳತುದಿ ಕನಿಷ್ಠ 9 ಮೀಟರ್ ಮೇಲಿರಬೇಕು. ನಮ್ಮ ಜಿಲ್ಲೆಯಲ್ಲಿ ಎತ್ತ ನೋಡಿದರೂ ನೀಲಗಿರಿ ತೋಪು, ಅದೂ ವರ್ಷವರ್ಷವೂ ಬೆಳೆಯುತ್ತದೆ. ತಾರಸಿಯ ಅಂಚಿನಲ್ಲಿ ಗಾಳಿ ಮುರಿದು ಸುಳಿಯಾಗುತ್ತದೆ. ಯಂತ್ರ ತಿರುಗಿದಂತೆ ಕಾಣುತ್ತದೆ, ಬ್ಯಾಟರಿ ತುಂಬುವುದಿಲ್ಲ, ಗೋಡೆ ಮಾತ್ರ ರಾತ್ರಿಯಿಡೀ ಗುಂಯ್‌ಗುಡುತ್ತದೆ.

ಅಳೆದ ಮೇಲೂ ಹಟವಿದ್ದರೆ ಕಟ್ಟಿ, ಕಟ್ಟುವ ಸುಖವೇ ಬೇರೆ. ಗುಜರಿಯಿಂದ ಕಾರಿನ ಆಲ್ಟರ್ನೇಟರ್, ಅಂದರೆ ತಿರುಗಿಸಿದರೆ ಕರೆಂಟ್ ಕೊಡುವ ಭಾಗ, ಮಾತ್ರ ತರಬೇಡಿ. ಅದು ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಎಂಜಿನ್ನಿಗಾಗಿ ಮಾಡಿದ್ದು. ನಿಮ್ಮ ರೆಕ್ಕೆ ಹದವಾದ ಗಾಳಿಯಲ್ಲಿ ತಿರುಗುವುದು 350ರ ಆಸುಪಾಸು. ಸ್ಕಾಟ್ಲೆಂಡಿನವರೇ ಆದ ಹ್ಯೂ ಪಿಗಟ್ ರೂಪಿಸಿದ ವಿನ್ಯಾಸ ಇದಕ್ಕೆ ಹೊಂದುತ್ತದೆ: ಎರಡು ಉಕ್ಕಿನ ತಟ್ಟೆಗಳ ಮೇಲೆ ಅಯಸ್ಕಾಂತಗಳು, ನಡುವೆ ರೆಸಿನ್ ಎಂಬ ಗಟ್ಟಿಯಾಗುವ ಅಂಟಿನಲ್ಲಿ ಎರಕ ಹೊಯ್ದ ತಾಮ್ರದ ಸುರುಳಿಗಳು, ಮರದಲ್ಲಿ ಕೆತ್ತಿದ ಮೂರು ರೆಕ್ಕೆ. ಸುರುಳಿ ಸುತ್ತುವುದನ್ನು ಬೋರ್‌ವೆಲ್ ಮೋಟಾರ್ ರಿಪೇರಿ ಮಾಡುವ ನಮ್ಮ ಹುಡುಗರಿಗೆ ಯಾರೂ ಹೇಳಿಕೊಡಬೇಕಿಲ್ಲ.

ಅಧ್ಯಕ್ಷರು ಚೀಟಿ ಕಳುಹಿಸಿದ್ದಾರೆ. ಬಾಲ, ಕಂಬ, ಸಿಡಿಲು ಎಂದು ಇನ್ನೂ ಮೂರು ಶೀರ್ಷಿಕೆ ಬರೆದುಕೊಂಡು ಬಂದಿದ್ದೆ. ಯಂತ್ರವನ್ನು ಗಾಳಿಗೆ ಎದುರಾಗಿ ನಿಲ್ಲಿಸುವ ಬಾಲವನ್ನು ಬಿರುಗಾಳಿಗೆ ತಾನಾಗಿ ಮಡಚಿಕೊಳ್ಳುವಂತೆ ಮಾಡಿ. ಬ್ಯಾಟರಿ ತುಂಬಿತೆಂದು ತಂತಿ ಬಿಚ್ಚಬೇಡಿ, ಹೊರೆ ತಪ್ಪಿದ ಯಂತ್ರ ಹುಚ್ಚೆದ್ದು ತಿರುಗಿ ರೆಕ್ಕೆ ಮುರಿದುಕೊಳ್ಳುತ್ತದೆ. ಮಿಕ್ಕ ಕರೆಂಟನ್ನು ಒಂದು ಹೀಟರಿಗೆ ಹರಿಸಿ. ಸಿಡಿಲಿಗೆ ಅರ್ಥಿಂಗ್.

ಸೋಲಾರ್ ಸಾಲದೇ ಎಂದು ಕೇಳುವಿರಿ. ಬಹುಪಾಲು ಮನೆಗಳಿಗೆ ಸಾಕು. 1 ಕಿಲೋವಾಟ್ ಫಲಕ ದಿನಕ್ಕೆ ಸರಾಸರಿ 4 ಯೂನಿಟ್ ಕೊಡುತ್ತದೆ, 3 ಕಿಲೋವಾಟಿಗೆ ಕೇಂದ್ರದ 78,000 ರೂಪಾಯಿ ಸಹಾಯಧನವೂ ಇದೆ. ಮೋಡ ಮುಸುಕಿ ಗಾಳಿ ಬೀಸುವ ಮಳೆಗಾಲಕ್ಕೆ, ಬಯಲಿನ ದಿಬ್ಬದ ಮೇಲಿರುವ ತೋಟದ ಮನೆಗೆ ಗಾಳಿಯಂತ್ರ ಜೊತೆಯಾಗಬಹುದು, ಅಳೆದಿದ್ದರೆ. ಮೂರನೇ ಸಾಲಿನ ಅಮ್ಮ ಆಗಿನಿಂದಲೂ ಕೈ ಎತ್ತಿಕೊಂಡೇ ಇದ್ದಾರೆ, ಮೈಕನ್ನು ಅವರಿಗೆ ಕೊಡಿ.