ಸೆಲ್ಫ್ ಕರಕರ ಅಂದರೆ ಮೊದಲು ಕಿವಿಗೊಡಿ

ಕೇಳುಗರಿಗೆಲ್ಲ ನಮಸ್ಕಾರ.

ದೋಣಿಯ ಒಡಲೊಳಗೇ ಇಂಜಿನ್ ಇಟ್ಟುಕೊಂಡಿರುವವರಿಗೆ ಇವತ್ತಿನ ಮಾತು. ಕೀಲಿ ತಿರುಗಿಸುತ್ತೀರಿ. ಕೆಳಗಿಂದ ಕರ್ರ್ ಅಂತ ಕಬ್ಬಿಣ ಕಡಿದ ಹಾಗೆ ಸದ್ದು ಬರುತ್ತದೆ. ಎದೆ ಧಸಕ್ ಅನ್ನುತ್ತದೆ. ‘ಸೆಲ್ಫ್ ಹೋಯ್ತು’, ಅಂದರೆ ಇಂಜಿನ್ ಸ್ಟಾರ್ಟ್ ಮಾಡುವ ಮೋಟಾರು ಕೆಟ್ಟಿತು ಅಂತ ಹೊಸ ಸ್ಟಾರ್ಟರ್ ತರೋಕೆ ಹೊರಟುಬಿಡುತ್ತೀರಿ. ದಯವಿಟ್ಟು ಸ್ವಲ್ಪ ನಿಲ್ಲಿ. ಬಿಚ್ಚುವ ಮೊದಲು ಸದ್ದು ಕೇಳಿ. ಇವತ್ತು ನಾನು ಹೇಳೋಕೆ ಬಂದಿರುವುದು ಇದೊಂದನ್ನೇ.

ಸೆಲ್ಫ್ ಮಾಡುವ ಕೆಲಸ ಬಹಳ ಸರಳ. ಅದರ ಮೂತಿಯಲ್ಲಿ ಪಿನಿಯನ್ ಅನ್ನುವ ಪುಟ್ಟ ಹಲ್ಲುಚಕ್ರ ಇದೆ. ಕೀಲಿ ತಿರುಗಿಸಿದಾಗ ಸೊಲೆನಾಯ್ಡ್ ಅನ್ನುವ ವಿದ್ಯುತ್ ಅಯಸ್ಕಾಂತ ಅದನ್ನು ಮುಂದಕ್ಕೆ ತಳ್ಳುತ್ತದೆ. ಇಂಜಿನ್ ಜೊತೆ ತಿರುಗುವ ಭಾರದ ಚಕ್ರ, ಅಂದರೆ ಫ್ಲೈವೀಲಿನ ಸುತ್ತ ಇರುವ ದೊಡ್ಡ ರಿಂಗ್ ಗೇರಿನ ಹಲ್ಲಿಗೆ ಅದು ಕಚ್ಚಿಕೊಂಡು ಇಂಜಿನ್ನನ್ನು ತಿರುಗಿಸುತ್ತದೆ. ಇಂಜಿನ್ ಹತ್ತಿಕೊಂಡ ಮೇಲೆ ಹಿಂದೆ ಸರಿಯುತ್ತದೆ. ಕಚ್ಚುವುದು, ತಿರುಗಿಸುವುದು, ಬಿಡುವುದು, ಅಷ್ಟೇ. ಎಲ್ಲಿ ಎಡವಿದರೂ ಅದರದೇ ಆದ ಒಂದು ಸದ್ದು ಬರುತ್ತದೆ.

ಟಕಟಕಟಕ ಅಂತ ಬೇಗ ಬೇಗ ಬಡಿದುಕೊಂಡರೆ ಬ್ಯಾಟರಿ ನೋಡಿ. 12 ವೋಲ್ಟಿನ ಬ್ಯಾಟರಿ ತುಂಬಿದ್ದರೆ, ಸುಮ್ನೆ ಕೂತಿರುವಾಗ ಮೀಟರಿನಲ್ಲಿ 12.6ರಷ್ಟು ತೋರಿಸಬೇಕು. ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. ಇಳಿದರೆ ಬ್ಯಾಟರಿ ಸೋತಿದೆ. ಬ್ಯಾಟರಿ ಚೆನ್ನಾಗಿದ್ದೂ ಟಕಟಕ ಅಂದರೆ ಕೇಬಲ್ ತುದಿಗಳನ್ನು ಬಿಚ್ಚಿ ನೋಡಿ. ಹಸಿರು ಕಿಲುಬು ಕಟ್ಟಿರುತ್ತದೆ. ಉಪ್ಪುಗಾಳಿಯಲ್ಲಿ ಇದು ತೀರಾ ಸಾಮಾನ್ಯ. ಉಜ್ಜಿ, ಬಿಗಿ ಮಾಡಿ. ಎಷ್ಟೋ ಒಳ್ಳೆಯ ಸ್ಟಾರ್ಟರುಗಳು ಈ ಕಿಲುಬಿನಿಂದಾಗಿ ಗುಜರಿ ಸೇರಿವೆ. ನನಗೆ ಹೊಟ್ಟೆ ಉರಿಯುತ್ತದೆ.

ಸುಯ್ಯ್ ಅಂತ ಸೆಲ್ಫ್ ಮಾತ್ರ ತಿರುಗಿ ಇಂಜಿನ್ ಅಲ್ಲಾಡದಿದ್ದರೆ ಪಿನಿಯನ್ ಮುಂದೆ ಬರುತ್ತಿಲ್ಲ, ಇಲ್ಲವೇ ಅದರ ಕ್ಲಚ್ ಜಾರುತ್ತಿದೆ. ಆಗ ಸೆಲ್ಫ್ ಬಿಚ್ಚಲೇಬೇಕು, ಬಿಚ್ಚಿ.

ಇನ್ನು ಕರಕರ ಸದ್ದು. ಇಲ್ಲೇ ಎಲ್ಲರೂ ಮೋಸಹೋಗುವುದು. ಒಂದು ಘಟನೆ ಹೇಳಲೇಬೇಕು.

ನನ್ನ ಸ್ನೇಹಿತರೊಬ್ಬರ ದೋಣಿಯಲ್ಲಿ ನಾಲ್ಕು ಸಿಲಿಂಡರಿನ ಇಂಜಿನ್. ಒಮ್ಮೆ ಸ್ಟಾರ್ಟ್ ಮಾಡಿದರೆ ಬೆಣ್ಣೆಯ ಹಾಗೆ ಹತ್ತುತ್ತದೆ, ಇನ್ನೊಮ್ಮೆ ಕರ್ರ್ ಅನ್ನುತ್ತದೆ. ಅವರು ಒಂದು ಸ್ಟಾರ್ಟರ್ ಬದಲಿಸಿದರು. ಎರಡು ವಾರ ಸುಮ್ಮನಿತ್ತು, ಮತ್ತೆ ಕರ್ರ್. ಇನ್ನೊಂದು ಬದಲಿಸಿದರು. ಅದೂ ಅಷ್ಟೇ. ಮೂರನೆಯದನ್ನು ಕೈಯಲ್ಲಿ ಹಿಡಿದುಕೊಂಡೇ ನನ್ನನ್ನು ಕರೆದರು. ‘ಅದನ್ನು ಕೆಳಗಿಡಿ, ಒಂದು ಬಳಪ ಕೊಡಿ’ ಅಂದೆ. ಅವರಿಗೆ ಸ್ವಲ್ಪ ಕೋಪವೇ ಬಂತು.

ಇಂಜಿನ್ ಮೈಮೇಲೆ ಒಂದು ಗೆರೆ ಎಳೆದೆ. ಪ್ರತಿ ಸಲ ಕೀಲಿ ತಿರುಗಿಸುವ ಮೊದಲು, ಆ ಗೆರೆಗೆ ನೇರವಾಗಿ, ಇಂಜಿನ್ ಜೊತೆಗೇ ತಿರುಗುವ ಮುಂಭಾಗದ ಪುಲ್ಲಿಯ (ಬೆಲ್ಟ್ ಚಕ್ರದ) ಮೇಲೊಂದು ಗುರುತು. ಸದ್ದು ಬಂದರೆ ಗುರುತಿನ ಪಕ್ಕ ಅಡ್ಡಗೆರೆ. ಸ್ಟಾರ್ಟ್ ಮಾಡು, ನಿಲ್ಲಿಸು, ಗುರುತು ಹಾಕು. ಹನ್ನೆರಡು ಸಲ ಆಯಿತು. ಆಮೇಲೆ ಪುಲ್ಲಿ ನೋಡಿದರೆ ಗುರುತುಗಳೆಲ್ಲ ಎರಡೇ ಕಡೆ ಗುಂಪುಗೂಡಿದ್ದವು, ಒಂದಕ್ಕೊಂದು ಎದುರುಬದುರಾಗಿ. ಅಡ್ಡಗೆರೆಗಳೆಲ್ಲ ಒಂದೇ ಗುಂಪಿನಲ್ಲಿ!

ಯಾಕೆ ಹಾಗೆ? ಇಂಜಿನ್ ನಿಲ್ಲುವಾಗ ಎಲ್ಲೆಂದರಲ್ಲಿ ನಿಲ್ಲುವುದಿಲ್ಲ. ಸಿಲಿಂಡರಿನಲ್ಲಿ ಒತ್ತಿಕೊಂಡ ಗಾಳಿ ಪಿಸ್ಟನ್ನನ್ನು ಹಿಂದಕ್ಕೆ ದೂಡುತ್ತದೆ. ನಾಲ್ಕು ಸಿಲಿಂಡರಿನ ಇಂಜಿನ್ ಹೆಚ್ಚಾಗಿ ಎರಡೇ ಜಾಗದಲ್ಲಿ ಬಂದು ನಿಲ್ಲುತ್ತದೆ. ಹಾಗಾಗಿ ಪಿನಿಯನ್ ಪ್ರತಿ ಸಲ ಬಂದು ಬಡಿಯುವುದೂ ರಿಂಗ್ ಗೇರಿನ ಅವೇ ಹಲ್ಲುಗಳಿಗೆ. ಸೆಲ್ಫ್ ಬಿಚ್ಚಿ, ಪುಲ್ಲಿಯ ನಟ್ಟಿಗೆ ಪಾನಾ ಹಾಕಿ ಇಂಜಿನ್ನನ್ನು ಕೈಯಲ್ಲೇ ನಿಧಾನವಾಗಿ ತಿರುಗಿಸಿದೆವು. ತೂತಿನಿಂದ ಟಾರ್ಚ್ ಬಿಟ್ಟು ನೋಡಿದರೆ ಐದು ಹಲ್ಲುಗಳ ಅಂಚು ಜಗಿದು ಹೋಗಿತ್ತು. ಆ ಮುರುಕು ಹಲ್ಲುಗಳೇ ಎರಡು ಹೊಸ ಪಿನಿಯನ್ನುಗಳನ್ನೂ ತಿಂದು ಹಾಕಿದ್ದವು. ಆಮೇಲೆ ಗೇರ್‌ಬಾಕ್ಸ್ ಬಿಡಿಸಿ, ಹೊಸ ರಿಂಗನ್ನು ಕಾಯಿಸಿ ಹಿಗ್ಗಿಸಿ ಫ್ಲೈವೀಲಿಗೆ ಕೂರಿಸಿದೆವು. ದೊಡ್ಡ ಕೆಲಸವೇ, ನಿಜ. ಆದರೆ ಮೂರನೆಯ ಸ್ಟಾರ್ಟರ್ ಹಾಕಿದ ಮೇಲೆ ಸದ್ದು ನಿಂತೇಹೋಯಿತು. ಸದ್ದು ಒಮ್ಮೆ ಬಂದು ಒಮ್ಮೆ ಬರುವುದಿಲ್ಲ ಅಂದಾಗಲೇ ರಿಂಗ್ ಗೇರ್ ನೆನಪಾಗಬೇಕಿತ್ತು, ಅಲ್ವಾ? ಅದಕ್ಕೇ ಹೇಳುವುದು, ಬಿಚ್ಚುವ ಮೊದಲು ಕೇಳಿ.

ಸಮಯ ಜಾಸ್ತಿ ಉಳಿದಿಲ್ಲ. ಬದಲಿಸುವ ಕೆಲಸವನ್ನು ಬೇಗ ಬೇಗ ಹೇಳಿಬಿಡುತ್ತೇನೆ. ಪೆಟ್ರೋಲ್ ಇಂಜಿನ್ ಆದರೆ ಮೊದಲು ನಾಲ್ಕು ನಿಮಿಷ ಬ್ಲೋವರ್, ಅಂದರೆ ಒಳಗಿನ ಆವಿಯನ್ನು ಹೊರಗೆ ತಳ್ಳುವ ಫ್ಯಾನ್ ಓಡಿಸಿ, ವಾಸನೆ ನೋಡಿ. ಬ್ಯಾಟರಿಯ ನೆಗೆಟಿವ್ ಕೇಬಲ್ ತೆಗೆದ ಮೇಲೆಯೇ ಮಿಕ್ಕಿದ್ದು. ತಂತಿಗಳ ಫೋಟೊ ಹೊಡೆದಿಟ್ಟುಕೊಳ್ಳಿ. ಕೊನೆಯ ಬೋಲ್ಟ್ ಬಿಡಿಸುವಾಗ ಕೆಳಗೆ ಕೈ ಕೊಡಿ, ಸ್ಟಾರ್ಟರ್ ಬಹಳ ಭಾರ. ಹಳೆಯದರ ಜೊತೆ ತೆಳು ತಗಡಿನ ಶಿಮ್ ಬಂದರೆ ಎಸೆಯಬೇಡಿ. ಸೆಲ್ಫ್ ಇಂಜಿನ್ನನ್ನು ತಿರುಗಿಸುವಾಗ ಕೀರಲು ಸದ್ದು ಬಂದರೆ ಹಲ್ಲುಗಳ ನಡುವೆ ಸಂದು ಜಾಸ್ತಿ, ಒಂದು ಶಿಮ್ ತೆಗೆಯಿರಿ. ಹತ್ತಿಕೊಂಡ ಮೇಲೆ ಕೀರಿದರೆ ಸಂದು ಕಮ್ಮಿ, ಒಂದು ಸೇರಿಸಿ. ಸ್ಟಾರ್ಟರ್ ಕೂರುವ ಜಾಗವನ್ನು ಲೋಹ ಹೊಳೆಯುವ ತನಕ ಉಜ್ಜಿ, ಕರೆಂಟು ವಾಪಸ್ ಹೋಗುವ ದಾರಿ ಅದೇ.

ಪೆಟ್ರೋಲ್ ದೋಣಿಗೆ ಕಾರಿನ ಸ್ಟಾರ್ಟರ್ ಹಾಕಲೇಬೇಡಿ. ಬೋಲ್ಟ್ ಸರಿಹೊಂದಿದರೂ ಬೇಡ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ದೋಣಿಯ ತಳದಲ್ಲಿ ನಿಲ್ಲುತ್ತದೆ. ಅಲ್ಲಿ ಒಂದು ಕಿಡಿ ಸಾಕು. ದೋಣಿಯ ಸ್ಟಾರ್ಟರಿನಲ್ಲಿ ಒಳಗಿನ ಕಿಡಿ ಹೊರಗಿನ ಆವಿಗೆ ಬೆಂಕಿ ಹಚ್ಚದಂತೆ ಮಾಡಿರುತ್ತಾರೆ. ಅದನ್ನು ಸೂಚಿಸುವ ಮಾನದಂಡದ ಗುರುತು ಎಸ್‌ಎಇ ಜೆ 1171 ಅಂತ ಬರೆದಿದೆಯಾ ನೋಡಿಯೇ ತನ್ನಿ.

ಪರೀಕ್ಷೆ ಮಾಡುವಾಗ ಒಂದೇ ಸಮನೆ ಸೆಲ್ಫ್ ಹೊಡೆಯಬೇಡಿ. ಹತ್ತು ಸೆಕೆಂಡು ಸಾಕು, ಆಮೇಲೆ ಆರಲು ಬಿಡಿ. ಇಂಜಿನ್ ಹತ್ತದೆ ಬರೀ ತಿರುಗುತ್ತಿದ್ದರೂ ಇಂಜಿನ್ ತಂಪು ಮಾಡುವ ಪಂಪು ಹೊರಗಿನ ನೀರನ್ನು ಎಳೆಯುತ್ತಲೇ ಇರುತ್ತದೆ. ಆ ನೀರು ಸೈಲೆನ್ಸರ್ ತುಂಬಿ ಸಿಲಿಂಡರಿಗೇ ನುಗ್ಗಬಹುದು. ಅದಕ್ಕೆ ಒಳಬರುವ ನೀರಿನ ವಾಲ್ವ್ ಮುಚ್ಚಿಕೊಂಡು ಪರೀಕ್ಷಿಸಿ. ಇಂಜಿನ್ ಹತ್ತಿದ ಕೂಡಲೇ ವಾಲ್ವ್ ತೆರೆದು, ಹಿಂದಿನ ಕೊಳವೆಯಲ್ಲಿ ನೀರು ಬೀಳುತ್ತಿದೆಯಾ ನೋಡಿಕೊಳ್ಳಿ. ನಮಸ್ಕಾರ.