ಅಳಿದುಹೋದ ದೊಡ್ಡ ಬೆಕ್ಕುಗಳು: ಗಾತ್ರ ಮತ್ತು ನಂಟು

ಕೇಳುಗರಿಗೆ ನಮಸ್ಕಾರ. ತಿತಿಮತಿ, ಕುಟ್ಟ, ಶ್ರೀಮಂಗಲದ ಕಡೆಯ ಕಾಫಿ ತೋಟಗಳಲ್ಲಿ ಹುಲಿಯ ಹೆಜ್ಜೆ ಕಂಡವರಿಗೆ, ಇದಕ್ಕಿಂತ ದೊಡ್ಡ ಬೆಕ್ಕೊಂದು ಭೂಮಿಯ ಮೇಲೆ ಓಡಾಡಿಕೊಂಡಿತ್ತೆಂದರೆ ನಂಬುವುದು ಕಷ್ಟ. ಅಂಥದ್ದು ಇದ್ದದ್ದು ನಿಜ, ಆದರೆ ಚಿತ್ರಗಳಲ್ಲಿ ಬರೆಯುವಷ್ಟು ದೈತ್ಯವಾಗಿರಲಿಲ್ಲ. ನಮ್ಮ ಬಲಿತ ಗಂಡು ಹುಲಿ ಸಾಮಾನ್ಯವಾಗಿ 180ರಿಂದ 260 ಕಿಲೋ ತೂಗುತ್ತದೆ. ಕತ್ತಿಹಲ್ಲಿನ ಸ್ಮೈಲೋಡಾನ್ ಕುಲದಲ್ಲಿ, ಉತ್ತರ ಅಮೆರಿಕದಲ್ಲಿ ಹೇರಳವಾಗಿದ್ದ ಫಟಾಲಿಸ್ ಪ್ರಭೇದ ಹೆಚ್ಚುಕಡಿಮೆ ಅಷ್ಟೇ ತೂಗುತ್ತಿತ್ತು. ದಕ್ಷಿಣ ಅಮೆರಿಕದ ಪಾಪ್ಯುಲೇಟರ್ ಮಾತ್ರ 220ರಿಂದ 400 ಕಿಲೋವರೆಗೆ ಬೆಳೆಯುತ್ತಿತ್ತೆಂದು ಅಂದಾಜು.

ಪ್ರಾಣಿಯೇ ಇಲ್ಲದಿರುವಾಗ ತೂಕ ತಿಳಿಯುವುದು ಹೇಗೆ? ಮೈಭಾರವನ್ನೆಲ್ಲ ಹೊರುವುದು ಕಾಲಿನ ಉದ್ದ ಎಲುಬುಗಳಾದ್ದರಿಂದ, ಅವುಗಳ ಸುತ್ತಳತೆಯನ್ನು ಇಂದಿನ ಹುಲಿ, ಸಿಂಹ, ಚಿರತೆಗಳ ಎಲುಬುಗಳೊಂದಿಗೆ ಹೋಲಿಸಿ ಲೆಕ್ಕ ಹಾಕುತ್ತಾರೆ. ಹಲ್ಲನ್ನು ನೋಡಿ ಮೈಯನ್ನು ಅಳೆಯಹೊರಟರೆ ಮೋಸಹೋಗುವುದು ಖಂಡಿತ. ಪಾಪ್ಯುಲೇಟರ್‌ನ ಕೋರೆಹಲ್ಲು ಬೇರೂ ಸೇರಿ ಸುಮಾರು 28 ಸೆಂಟಿಮೀಟರ್ ಉದ್ದವಿತ್ತು. ಲಾಸ್ ಏಂಜಲೀಸ್‌ನ ಲಾ ಬ್ರಿಯಾ ಡಾಂಬರು ಹೊಂಡಗಳಲ್ಲಿ ಎರಡು ಸಾವಿರಕ್ಕೂ ಹೆಚ್ಚು ಸ್ಮೈಲೋಡಾನ್‌ಗಳ ಎಲುಬುಗಳು ದೊರೆತಿವೆ. ಅವುಗಳ ಮುಂಗಾಲಿನ ಮೇಲಿನ ಎಲುಬಿನ ಒಳಭಾಗವನ್ನು ಕ್ಷಕಿರಣದಲ್ಲಿ ನೋಡಿದರೆ, ಹೊರಗೋಡೆ ಇಂದಿನ ಯಾವ ಬೆಕ್ಕಿಗೂ ಇಲ್ಲದಷ್ಟು ದಪ್ಪವಾಗಿರುವುದು ಕಾಣುತ್ತದೆ. ಅದರ ಕಚ್ಚುವ ಬಲ ಸಿಂಹದ್ದಕ್ಕಿಂತ ಬಹಳ ಕಡಿಮೆ. ಬೇಟೆಯನ್ನು ಮುಂಗಾಲುಗಳಿಂದಲೇ ನೆಲಕ್ಕೆ ಅದುಮಿ ಹಿಡಿದು, ಆಮೇಲೆ ಗಂಟಲಿಗೆ ಹಲ್ಲಿಳಿಸುತ್ತಿತ್ತೆಂಬ ವಿವರಣೆ ಈ ಎಲುಬಿಗೂ ಆ ಹಲ್ಲಿಗೂ ಸರಿಹೊಂದುತ್ತದೆ.

ಇನ್ನು ನಂಟಿನ ವಿಚಾರ. ನನಗೆ ಇದೇ ಹೆಚ್ಚು ಬೆರಗಿನದು. ಹಳೆಯ ಎಲುಬುಗಳಲ್ಲಿ ಉಳಿದ ಡಿಎನ್‌ಎ ಹೇಳುವಂತೆ, ಕತ್ತಿಹಲ್ಲಿನವುಗಳ ಕವಲು ಉಳಿದ ಬೆಕ್ಕುಗಳಿಂದ ಬೇರೆಯಾದದ್ದು ಸುಮಾರು ಎರಡು ಕೋಟಿ ವರ್ಷಗಳ ಹಿಂದೆ. ಹುಲಿಯ ವಂಶವೂ ಮನೆಬೆಕ್ಕಿನ ವಂಶವೂ ಬೇರ್ಪಟ್ಟದ್ದಾದರೋ ಒಂದು ಕೋಟಿ ವರ್ಷಗಳ ಆಸುಪಾಸಿನಲ್ಲಿ. ಹಾಗಾಗಿ ನಾಗರಹೊಳೆಯ ಹುಲಿಗೆ, ಅಡುಗೆಮನೆಯಲ್ಲಿ ಒಲೆಯ ಪಕ್ಕ ಮಲಗುವ ಬೆಕ್ಕೇ ಸ್ಮೈಲೋಡಾನ್‌ಗಿಂತ ಹತ್ತಿರದ ಸಂಬಂಧಿ.

ಯುರೋಪಿನಿಂದ ಸೈಬೀರಿಯಾದಾಚೆಗೂ ಹರಡಿದ್ದ ಗುಹಾಸಿಂಹದ ಕಥೆ ಬೇರೆ. ಅದು ಇಂದಿನ ಸಿಂಹಕ್ಕಿಂತ ತುಸು ದೊಡ್ಡದು. ಫ್ರಾನ್ಸಿನ ಶೋವೆ ಗುಹೆಯ ಗೋಡೆಗಳ ಮೇಲೆ ಆ ಕಾಲದ ಜನರೇ ಅದನ್ನು ಚಿತ್ರಿಸಿದ್ದಾರೆ. ಅಲ್ಲಿ ಗಂಡಿಗೂ ಕೇಸರವಿಲ್ಲ. ಇದೇ ಕಾರಣಕ್ಕೆ ಕೆಲವರು ಅದನ್ನು ಹುಲಿಯ ಕಡೆಗೂ ಎಳೆದದ್ದುಂಟು. ಆದರೆ ಸೈಬೀರಿಯಾದ ಹೆಪ್ಪುಗಟ್ಟಿದ ಮಣ್ಣಿನಲ್ಲಿ ತುಪ್ಪಳವೂ ಕೆಡದೆ ಉಳಿದ ಅದರ ಮರಿಗಳು ಸಿಕ್ಕಿವೆ. ಡಿಎನ್‌ಎ ಲೆಕ್ಕದ ಪ್ರಕಾರ ಅದು ಸಿಂಹದಿಂದ ಅಗಲಿ ಬರಿಯ ಐದು ಲಕ್ಷ ವರ್ಷಗಳಾಗಿವೆ. ಎರಡು ಕೋಟಿಯ ಎದುರು ಐದು ಲಕ್ಷವೆಂದರೆ, ಅದನ್ನು ಸಿಂಹದ ಒಡಹುಟ್ಟೆಂದೇ ಎಣಿಸಬೇಕು.